ಕಿವಿಗೆ ಸಿಗುವುದು ಒಂದೇ ಸಲ: ಬಾನುಲಿಯ ಮಾತು, ನಾಟಕದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೋತ್ತರಕ್ಕೆ ಎತ್ತಿಕೊಂಡ ವಿಷಯ ರಾಷ್ಟ್ರೀಯ ಬಾನುಲಿಯ ಮಾತಿನ ಕಾರ್ಯಕ್ರಮಗಳು: ಭಾಷಣ, ಚರ್ಚೆ, ಕಥಾವಾಚನ, ಧಾರಾವಾಹಿ, ನಾಟಕ. ಬಂದ ಪತ್ರಗಳಲ್ಲಿ ಕೇಳುಗರವೂ ಇವೆ, ಬರೆಯುವವರವೂ ಇವೆ. ಮಕ್ಕಳಿಂದ ನಾಟಕ ಮಾಡಿಸಿ ಧ್ವನಿಮುದ್ರಿಸಬೇಕೆಂದಿರುವ ಶಿಕ್ಷಕರೊಬ್ಬರದ್ದೂ ಇದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದಿನವಿಡೀ ಬರೀ ಮಾತೇ ಇರುವ ರಾಷ್ಟ್ರೀಯ ವಾಹಿನಿಗಳಲ್ಲಿ ಯಾವುದು ಯಾವ ಹೊತ್ತಿಗೆ ಬರಬೇಕೆಂದು ಹೇಗೆ ತೀರ್ಮಾನಿಸುತ್ತಾರೆ? ನಾಟಕವನ್ನು ಮಧ್ಯಾಹ್ನ ಇಡುವುದೇಕೆ?

ಆ ಹೊತ್ತಿನಲ್ಲಿ ಕೇಳುಗರ ಕೈಕಾಲು ಏನು ಮಾಡುತ್ತಿರುತ್ತವೆ ಎಂಬುದೇ ಮೊದಲ ಲೆಕ್ಕ. ಬೆಳಗ್ಗೆ 6ರಿಂದ 9ರವರೆಗೆ ಯಾರೂ ಒಂದು ಕಡೆ ಕೂತು ಕೇಳುವುದಿಲ್ಲ. ಹತ್ತು ನಿಮಿಷ ಕೇಳುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ಬರುತ್ತಾರೆ. ಅದಕ್ಕೇ ಆಗ ಸುದ್ದಿ, ಮೂರು ನಾಲ್ಕು ನಿಮಿಷದ ಸಂದರ್ಶನ, ಹವಾಮಾನ, ಮಧ್ಯೆ ಮಧ್ಯೆ ಗಂಟೆ ಎಷ್ಟಾಯಿತೆಂದು ಹೇಳುವುದು. ಯಾವ ಕ್ಷಣದಲ್ಲಿ ಬಂದು ಸೇರಿಕೊಂಡರೂ ಅರ್ಧ ನಿಮಿಷದಲ್ಲಿ ವಿಷಯ ಹಿಡಿಯುವಂತಿರಬೇಕು. ಒಂಬತ್ತರ ನಂತರ ಒಂದೇ ವಿಷಯದ ಮೇಲೆ ಅರ್ಧ, ಮುಕ್ಕಾಲು ಗಂಟೆಯ ಚರ್ಚೆ ನಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುವವರು ಹೆಚ್ಚು: ಮನೆಯಲ್ಲಿರುವವರು, ವಾಹನ ಓಡಿಸುವವರು, ಒಬ್ಬರೇ ಕೂತು ಕೆಲಸ ಮಾಡುವವರು. ನಾಟಕಕ್ಕೆ ಬೇಕಾದದ್ದು ಅಂಥ ಎಡೆಬಿಡದ ಕಿವಿ. ರಾತ್ರಿ ಮಲಗುವ ಮುಂಚೆ ಒಂದೇ ದನಿಯ ಕಥಾವಾಚನ.

ಬ್ರಿಟನ್ನಿನ ಬಿಬಿಸಿ ರೇಡಿಯೊ 4 ಇದಕ್ಕೆ ಒಳ್ಳೆಯ ಮಾದರಿ. 1967ರ ಸೆಪ್ಟೆಂಬರ್ 30ರಂದು ಆ ಹೆಸರಿನಲ್ಲಿ ಶುರುವಾದ ವಾಹಿನಿ ಅದು. ವಾರದ ದಿನಗಳಲ್ಲಿ ಮಧ್ಯಾಹ್ನ ನಾಟಕ, ರಾತ್ರಿ 10.45ಕ್ಕೆ ಕಾಲು ಗಂಟೆಯ ಪುಸ್ತಕವಾಚನ. ಅಲ್ಲಿನ ಹಳ್ಳಿಯ ಧಾರಾವಾಹಿ 'ದಿ ಆರ್ಚರ್ಸ್' 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರವಾಗುತ್ತಾ ಬಂದಿದೆ. ಕಂತಿಗೆ ಕಾಲು ಗಂಟೆಗಿಂತ ತುಸು ಕಡಿಮೆ.

ಆ 'ತುಸು ಕಡಿಮೆ'ಯೇ ಈ ಕಸುಬಿನ ಗುಟ್ಟು. ಅರ್ಧ ಗಂಟೆಯ ಜಾಗಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡುವಂತಿಲ್ಲ. ಸುಮಾರು 28 ನಿಮಿಷಕ್ಕೆ ಮಾಡಬೇಕು. ಕಾಲು ಗಂಟೆಯ ಜಾಗಕ್ಕೆ ಹದಿಮೂರೂವರೆಯಿಂದ ಹದಿನಾಲ್ಕು ನಿಮಿಷ. ಉಳಿದದ್ದು ಉದ್ಘೋಷಕರದ್ದು. ಹಿಂದಿನದನ್ನು ಮುಗಿಸಿ, ಮುಂದಿನದನ್ನು ಪರಿಚಯಿಸಿ, ನಾಳಿನದ್ದರ ಸುಳಿವು ಕೊಟ್ಟು, ಗಂಟೆಯ ಸಂಕೇತಕ್ಕೆ ಸರಿಯಾಗಿ ಅವರು ನಿಲ್ಲಿಸಬೇಕು. ನೇರ ಪ್ರಸಾರದ ಚರ್ಚೆ ನಲವತ್ತು ಸೆಕೆಂಡು ಹೆಚ್ಚಿಗೆ ಓಡಿತೆನ್ನಿ. ಮುಂದಿರುವುದು ಧ್ವನಿಮುದ್ರಿತ ನಾಟಕ, ಅದರ ಬಾಲ ಕತ್ತರಿಸುವಂತಿಲ್ಲ. ಆಗ ಆ ನಲವತ್ತು ಸೆಕೆಂಡು ಹುಟ್ಟಬೇಕಾದದ್ದು ಈ ಸಂದಿಯಲ್ಲೇ. ಅದಕ್ಕಾಗಿ ಪ್ರತಿ ಸಂದಿಯಲ್ಲೂ ಬಿಟ್ಟರೂ ನಡೆಯುವಂಥ ಒಂದು ಪ್ರಕಟಣೆಯನ್ನು ಮೊದಲೇ ಇಟ್ಟುಕೊಂಡಿರುತ್ತಾರೆ.

ಪ್ರಶ್ನೆ: ಬಾನುಲಿಯಲ್ಲಿ ಹತ್ತು ನಿಮಿಷದ ಭಾಷಣಕ್ಕೆ ಅವಕಾಶ ಸಿಕ್ಕಿದೆ. ಎಷ್ಟು ಪುಟ ಬರೆಯಬೇಕು? ಪತ್ರಿಕೆಗೆ ಬರೆದ ಲೇಖನವನ್ನೇ ಓದಬಹುದೇ?

ಪುಟದ ಲೆಕ್ಕ ಬಿಡಿ. ಅಕ್ಷರದ ಗಾತ್ರ ಬದಲಾದರೆ ಪುಟವೂ ಬದಲಾಗುತ್ತದೆ. ಇಂಗ್ಲಿಷಿನ 'ನಿಮಿಷಕ್ಕೆ 150, 160 ಪದ' ಎಂಬ ಲೆಕ್ಕವೂ ಇಲ್ಲಿಗೆ ಹೊಂದುವುದಿಲ್ಲ. 'ಮನೆಯವರೊಂದಿಗೂ' ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅಷ್ಟನ್ನೇ ಹೇಳಲು ನಾಲ್ಕೈದು ಪದ ಬೇಕು. ನಿಧಾನಕ್ಕೆ, ಸ್ಪಷ್ಟವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ 90ರಿಂದ 110 ಪದದ ಆಸುಪಾಸು. ನಿಮ್ಮ ವೇಗ ನಿಮಗೇ ಗೊತ್ತಾಗಬೇಕು: ಒಂದು ಪುಟವನ್ನು ಗಟ್ಟಿಯಾಗಿ, ನಿಂತುಕೊಂಡು, ಗಡಿಯಾರ ಇಟ್ಟುಕೊಂಡು ಮೂರು ಸಲ ಓದಿ, ಸರಾಸರಿ ತೆಗೆಯಿರಿ. ಮನಸ್ಸಿನಲ್ಲೇ ಓದಿದ ಸಮಯವನ್ನು ನಂಬಬೇಡಿ. ಅದು ಯಾವಾಗಲೂ ಕಡಿಮೆ ಬರುತ್ತದೆ. ಹತ್ತು ನಿಮಿಷದ ಜಾಗಕ್ಕೆ ಒಂಬತ್ತೂವರೆ ನಿಮಿಷಕ್ಕೆ ಬರೆಯಿರಿ. ಕೊನೆಯ ಪ್ಯಾರಾಕ್ಕಿಂತ ಹಿಂದಿನ ಪ್ಯಾರಾವನ್ನು, ಅಗತ್ಯ ಬಿದ್ದರೆ ಪೂರ್ತಿ ಕೈಬಿಟ್ಟರೂ ಅರ್ಥ ಕೆಡದಂತೆ ಕಟ್ಟಿ, ಅಂಚಿನಲ್ಲಿ ಗೆರೆ ಹಾಕಿಟ್ಟುಕೊಳ್ಳಿ. ತಡವಾದರೆ ಅದನ್ನು ಹಾರಿಸಿ ನೇರ ಮುಕ್ತಾಯಕ್ಕೆ ಬರಬಹುದು.

ಲೇಖನವನ್ನೇ ಓದಿದರೆ ಏನಾಗುತ್ತದೆ ನೋಡಿ. ಪತ್ರಿಕೆಯಲ್ಲಿ ಹೀಗಿರುತ್ತದೆ:

"ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ನಿಸ್ತಂತು ಸಂಕೇತವೊಂದನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ಕಟ್ಟಿದ್ದ ತಂತಿಯ ನೆರವಿನಿಂದ 1901ರ ಡಿಸೆಂಬರ್ 12ರಂದು ಸ್ವೀಕರಿಸಿದ್ದಾಗಿ ಮಾರ್ಕೋನಿ ಪ್ರಕಟಿಸಿದರು."

ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಇಲ್ಲಿ ಮಾಡಿದವರ ಹೆಸರೂ ಕೊನೆಗೇ ಬಂದಿದೆ. ಅಲ್ಲಿಯವರೆಗೆ ಕೇಳುಗರು ಎರಡು ಊರು, ಒಂದು ಸಾಗರ, ಒಂದು ಗಾಳಿಪಟ, ಒಂದು ತಾರೀಕು ಇಷ್ಟನ್ನೂ ಯಾರಿಗೆ ಸೇರಿಸಬೇಕೆಂದು ತಿಳಿಯದೆ ತಲೆಯಲ್ಲಿ ಹೊತ್ತುಕೊಂಡಿರಬೇಕು. ಓದುವವರಾದರೆ ಹಿಂದಕ್ಕೆ ಹೋಗಿ ನೋಡುತ್ತಾರೆ. ಕೇಳುವವರಿಗೆ ಹಿಂದಿನ ಸಾಲು ಇಲ್ಲವೇ ಇಲ್ಲ. ಇದನ್ನೇ ಕಿವಿಗೆ ಹೀಗೆ ಬರೆಯಬಹುದು:

"ಮಾರ್ಕೋನಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಯುತ್ತಿದ್ದರು. ಒಂದು ಗಾಳಿಪಟ ಹಾರಿಸಿದ್ದರು, ಅದಕ್ಕೊಂದು ತಂತಿ ಕಟ್ಟಿದ್ದರು. ಅದು 1901ನೇ ಇಸವಿ, ಡಿಸೆಂಬರ್ ತಿಂಗಳು. ಅಟ್ಲಾಂಟಿಕ್ ಸಾಗರದ ಆಚೆ ದಡದಿಂದ, ಇಂಗ್ಲೆಂಡಿನಿಂದ, ಒಂದು ಸಂಕೇತ ಬರಬೇಕಿತ್ತು. ನಡುವೆ ತಂತಿಯಿಲ್ಲ. ಬಂತು ಎಂದರು ಮಾರ್ಕೋನಿ."

ಊರಿನ ಹೆಸರೊಂದು ಬಿಟ್ಟುಹೋಯಿತು, ತಾರೀಕು ಹೋಯಿತು. ಹೋಗಲಿ. ಒಂದು ಸಾಲಿಗೆ ಒಂದೇ ಸಂಗತಿ, ಒಂದೇ ಸಂಖ್ಯೆ ಇದ್ದರೆ ಅದು ಉಳಿಯುತ್ತದೆ. 'ಮೇಲೆ ಹೇಳಿದಂತೆ', 'ಕ್ರಮವಾಗಿ', 'ಮೊದಲನೆಯದು ಮತ್ತು ಎರಡನೆಯದು' ಇವೆಲ್ಲ ಕಾಗದದ ಮಾತುಗಳು, ಹೊಡೆದುಹಾಕಿ. 'ಅವರು' ಎನ್ನುವ ಕಡೆಯೆಲ್ಲ ಹೆಸರನ್ನೇ ಮತ್ತೆ ಹೇಳಿ. ಬರಹದಲ್ಲಿ ಪುನರಾವರ್ತನೆ ಅನಿಸುವುದು ಕೇಳುವಾಗ ಆಸರೆಯಾಗುತ್ತದೆ.

ಕಾಗದದ ಬಗ್ಗೆಯೂ ಎರಡು ಮಾತು. ಒಂದೇ ಮಗ್ಗುಲಲ್ಲಿ ಬರೆಯಿರಿ. ವಾಕ್ಯವನ್ನು ಪುಟದ ಕೊನೆಯಲ್ಲಿ ಮುರಿಯಬೇಡಿ. ಮುರಿದರೆ ಹಾಳೆ ಮಗುಚುವ ಸದ್ದು ಮಾತಿನ ಮಧ್ಯೆಯೇ ಬೀಳುತ್ತದೆ. ಪಿನ್ ತೆಗೆದು ಹಾಳೆಗಳನ್ನು ಬಿಡಿಯಾಗಿಟ್ಟುಕೊಂಡು, ಓದಿದ್ದನ್ನು ಪಕ್ಕಕ್ಕೆ ಜಾರಿಸಿ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಲಿ. ಪ, ಫ, ಬ, ಭ ಅಕ್ಷರಗಳಲ್ಲಿ ತುಟಿಯಿಂದ ಗಾಳಿ ಸಿಡಿದು ಮೈಕಿಗೆ ಬಡಿಯುತ್ತದೆ, ಕೇಳುವವರಿಗೆ 'ಡುಬ್' ಎನ್ನುತ್ತದೆ. ಬಾಯಿಯ ನೇರಕ್ಕೆ ಬದಲು ತುಸು ಓರೆಯಾಗಿ ಮೈಕ್ ಇಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ದನಿ ಮಾತ್ರ ತಲುಪುತ್ತದೆ.

ಪ್ರಶ್ನೆ: ರೂಪಕಕ್ಕೂ ನಾಟಕಕ್ಕೂ ಏನು ವ್ಯತ್ಯಾಸ?

ರೂಪಕದ ಬೆನ್ನೆಲುಬು ನಿಜ ಸಂಗತಿ. ನಿರೂಪಕರ ಮಾತು, ಸಂದರ್ಶನದ ತುಣುಕು, ಸ್ಥಳದ ಸದ್ದು, ಬೇಕಾದರೆ ನಟಿಸಿದ ಒಂದೆರಡು ದೃಶ್ಯ ಸೇರಿಸಿ ಅದನ್ನು ಕಟ್ಟುತ್ತಾರೆ. ನಾಟಕದಲ್ಲಿ ಕಥೆಯನ್ನು ಪಾತ್ರಗಳೇ ನಡೆಸುತ್ತವೆ. ನಿರೂಪಕರಿಲ್ಲದೆ ನಿಲ್ಲಲಾರದ ನಾಟಕವಾದರೆ ಅದನ್ನು ರೂಪಕವಾಗಿಯೇ ಬರೆಯುವುದು ಒಳ್ಳೆಯದು.

ಪ್ರಶ್ನೆ: ರಂಗನಾಟಕ ಬರೆದು ಅಭ್ಯಾಸವಿದೆ. ಅರ್ಧ ಗಂಟೆಯ ಬಾನುಲಿ ನಾಟಕ ಬರೆಯಲು ಏನೇನು ಬದಲಿಸಿಕೊಳ್ಳಬೇಕು? ಎಷ್ಟು ಪಾತ್ರ ಇರಬಹುದು?

ಅರ್ಧ ಗಂಟೆಗೆ ನಾಲ್ಕೈದು ಮುಖ್ಯ ದನಿ ಸಾಕು. ಒಂದೇ ದೃಶ್ಯದಲ್ಲಿ ಮೂರಕ್ಕಿಂತ ಹೆಚ್ಚು ಜನ ಮಾತಾಡಿದರೆ ಕೇಳುಗರಿಗೆ ಲೆಕ್ಕ ತಪ್ಪುತ್ತದೆ. ರಂಗದ ಮೇಲೆ ಒಬ್ಬರು ಸುಮ್ಮನೆ ಕೂತಿದ್ದರೂ ಇರುತ್ತಾರೆ. ಬಾನುಲಿಯಲ್ಲಿ ಒಂದು ನಿಮಿಷ ಬಾಯಿ ಬಿಡದ ಪಾತ್ರ ಎದ್ದು ಹೋದಂತೆಯೇ. ಮೂರನೆಯವರನ್ನು ಉಳಿಸಿಕೊಳ್ಳಬೇಕೆಂದರೆ ಅವರಿಂದ ಒಂದು ನಗು, ಒಂದು 'ಹೂಂ', ಲೋಟ ಕೆಳಗಿಡುವ ಸದ್ದು ಏನಾದರೂ ಬರುತ್ತಿರಬೇಕು. ಪಾತ್ರ ಹಂಚುವಾಗ ನಟನೆಯಷ್ಟೇ ದನಿಯ ಬಣ್ಣವೂ ಮುಖ್ಯ. ಒಂದೇ ವಯಸ್ಸಿನ, ಒಂದೇ ಮಟ್ಟದ ದನಿಯ ಇಬ್ಬರು ಸೊಗಸಾಗಿ ನಟಿಸಿದರೂ ಎದುರುಬದುರು ಬಂದರೆ ಒಬ್ಬರೇ ಮಾತಾಡಿದಂತಾಗುತ್ತದೆ. ಆರಿಸುವಾಗ ಕಣ್ಣು ಮುಚ್ಚಿ ಕೇಳಿ.

ಎಲ್ಲರೂ ಎಡವುವ ಜಾಗ, ಕಾಣುವುದನ್ನು ಹೇಳುವುದು ಹೇಗೆ ಎಂಬುದು. ಹೊಸದಾಗಿ ಬರೆಯುವವರು ಹೀಗೆ ಬರೆಯುತ್ತಾರೆ: "ತಮ್ಮಾ, ಯಾಕೆ ಮಳೆಯಲ್ಲಿ ನೆನೆದು, ಕೈಯಲ್ಲಿ ಅಪ್ಪನ ಹಳೆಯ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೀಯ?" ಇಬ್ಬರಿಗೂ ಕಾಣುತ್ತಿರುವುದನ್ನು ಯಾರೂ ಹೀಗೆ ವರದಿ ಮಾಡುವುದಿಲ್ಲ. ಬದಲಿಗೆ:

(ಬಾಗಿಲು ತೆರೆಯುತ್ತದೆ. ಮಳೆಯ ಸದ್ದು ಜೋರಾಗುತ್ತದೆ.)
ಹೆಣ್ಣು: ಒಳಗೆ ಬಾ. ಅದನ್ನ ಅಲ್ಲೇ ಇಡು, ನೀರು ಸೋರ್ತಿದೆ.
ಗಂಡು: ಇಡಲ್ಲಕ್ಕ.
(ಬಾಗಿಲು ಮುಚ್ಚುತ್ತದೆ. ಮಳೆ ದೂರವಾಗುತ್ತದೆ.)
ಹೆಣ್ಣು: ಅಂಥಾದ್ದೇನಿದೆ ಅದರಲ್ಲಿ?
ಗಂಡು: ಗೊತ್ತಿಲ್ಲ. ಅಪ್ಪ ಯಾವತ್ತೂ ತೆಗೆಯೋಕೆ ಬಿಟ್ಟಿರಲಿಲ್ಲವಲ್ಲ.

ಮಳೆ, ಬಾಗಿಲು, ಅಕ್ಕ ತಮ್ಮ, ಅಪ್ಪನ ಪೆಟ್ಟಿಗೆ, ಅಪ್ಪ ಈಗ ಇಲ್ಲ ಎಂಬ ಅನುಮಾನ ಎಲ್ಲ ಬಂತು. 'ಅಕ್ಕ' ಎಂಬ ಒಂದು ಕರೆ ಸಂಬಂಧವನ್ನು ಹೇಳಿಬಿಟ್ಟಿತು. ಈ ವಿಷಯದಲ್ಲಿ ಕನ್ನಡ ಬರೆಯುವವರಿಗೆ ಭಾಷೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. 'ಬಂದಳು', 'ಬಂದ', 'ಬಂದರು' ಎಂಬಲ್ಲೇ ಯಾರೆಂಬ ಸುಳಿವಿದೆ. ಇಷ್ಟು ಹೊತ್ತು 'ನೀವು' ಎನ್ನುತ್ತಿದ್ದವರು ತಟ್ಟನೆ 'ನೀನು' ಎಂದರೆ ಸಿಟ್ಟೋ ಸಲಿಗೆಯೋ ಹುಟ್ಟಿತೆಂದು ಪ್ರತ್ಯೇಕ ಹೇಳಬೇಕಿಲ್ಲ. ಈ ಬದಲಾವಣೆಗಳನ್ನು ನೋಡಿಕೊಂಡು ಬಳಸಿ, ಹುಡುಗಾಟಕ್ಕೆ ಬಳಸಬೇಡಿ. ಅಜಾಗರೂಕತೆಯಿಂದ ಒಂದು ಕಡೆ 'ನೀವು', ಇನ್ನೊಂದು ಕಡೆ 'ನೀನು' ಬಂದುಬಿಟ್ಟರೆ ಕೇಳುಗರು ಇಲ್ಲದ ಅರ್ಥ ಹುಡುಕುತ್ತಾರೆ.

ಮೊದಲ ತೊಂಬತ್ತು ಸೆಕೆಂಡಿನೊಳಗೆ ಎಲ್ಲಿದ್ದೇವೆ, ಯಾರಿದ್ದಾರೆ, ಏನು ತೊಡಕು ಎಂಬ ಮೂರೂ ಕಿವಿಗೆ ಬೀಳಬೇಕು. ದೃಶ್ಯಗಳ ಉದ್ದ ಒಂದೇ ಸಮ ಇರದಿರಲಿ. ನಾಲ್ಕು ನಿಮಿಷದ ದೃಶ್ಯದ ಹಿಂದೆಯೇ ಇಪ್ಪತ್ತು ಸೆಕೆಂಡಿನದೊಂದು ಬಂದರೆ ಕಿವಿ ಮತ್ತೆ ಚುರುಕಾಗುತ್ತದೆ. ಎರಡು ದೃಶ್ಯಗಳ ನಡುವೆ ಸದ್ದಿನ ವಾತಾವರಣವೂ ಬದಲಾಗಲಿ: ಗಿಜಿಗುಡುವ ನಿಲ್ದಾಣದಿಂದ ಮುಚ್ಚಿದ ಕೋಣೆಗೆ ಬಂದರೆ ಸ್ಥಳ ಬದಲಾದದ್ದು ತಾನೇ ಗೊತ್ತಾಗುತ್ತದೆ. ಕೋಣೆಯಿಂದ ಅಂಥದ್ದೇ ಇನ್ನೊಂದು ಕೋಣೆಗೆ ಹೋದರೆ ಗೊತ್ತಾಗುವುದಿಲ್ಲ.

ಕಾಣದಿರುವುದೇ ಕಥೆಯ ಭಾಗವಾದರೆ ಬಾನುಲಿಗೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಬಾನುಲಿಗೆಂದೇ ಬರೆದ ಮೊದಮೊದಲ ನಾಟಕಗಳಲ್ಲೊಂದು ರಿಚರ್ಡ್ ಹ್ಯೂಸ್ ಅವರ 'ಡೇಂಜರ್'. 1924ರ ಜನವರಿ 15ರಂದು ಬಿಬಿಸಿ ಪ್ರಸಾರ ಮಾಡಿತು. ಕಲ್ಲಿದ್ದಲ ಗಣಿಯೊಳಗೆ ದೀಪ ಆರಿಹೋಗಿ ಕತ್ತಲಲ್ಲಿ ಸಿಕ್ಕಿಬಿದ್ದವರ ಕಥೆ ಅದು. ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುಗರಿಗೂ ಕಾಣುವುದಿಲ್ಲ. ಇಬ್ಬರದೂ ಒಂದೇ ಸ್ಥಿತಿ.

ಪ್ರಶ್ನೆ: ನಾಟಕದಲ್ಲಿ ಕುದುರೆ, ಹಿಮ, ಬೆಂಕಿಯ ಸದ್ದು ಬರುತ್ತದಲ್ಲ, ಇವೆಲ್ಲ ನಿಜವಾದ ಸದ್ದುಗಳೇ?

ಕೆಲವು ಮಾತ್ರ. ದೂರದ ವಾತಾವರಣ, ಅಂದರೆ ಮಾರುಕಟ್ಟೆ, ಕಾಡು, ರೈಲು ಇತ್ಯಾದಿ ಮೊದಲೇ ಮುದ್ರಿಸಿಟ್ಟದ್ದು. ಪಾತ್ರದ ಕೈಯಲ್ಲಿ ನಡೆಯುವ ಸದ್ದನ್ನು, ಲೋಟ, ಬೀಗ, ಕಾಗದ, ಹೆಜ್ಜೆ ಇವನ್ನು, ಸ್ಟುಡಿಯೊದಲ್ಲೇ ನಟರ ಪಕ್ಕ ನಿಂತು ಮಾಡುತ್ತಾರೆ. ಮಾತಿನ ಲಯಕ್ಕೆ ಕೂಡಿಬರಬೇಕಾದದ್ದು ಇವು. ಮುದ್ರಿಸಿಟ್ಟ ಲೋಟದ ಸದ್ದು ನಟರ ಉಸಿರಿಗೆ ಸರಿಹೊಂದುವುದೇ ಇಲ್ಲ.

ಹಳೆಯ ಉಪಾಯಗಳು ಇಂದಿಗೂ ನಡೆಯುತ್ತಿವೆ. ಹೋಳು ಮಾಡಿದ ತೆಂಗಿನ ಚಿಪ್ಪುಗಳು ಕುದುರೆಯ ಗೊರಸು. ಬಟ್ಟೆಯ ಚೀಲದಲ್ಲಿ ತುಂಬಿದ ಮೆಕ್ಕೆಜೋಳದ ಪಿಷ್ಟವನ್ನು ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ. ಸೆಲ್ಲೊಫೇನ್ ಹಾಳೆಯನ್ನು ಮೈಕಿನ ಹತ್ತಿರ ಮೆಲ್ಲಗೆ ಮುದುಡಿದರೆ ಬೆಂಕಿ ಚಟಪಟ ಅನ್ನುತ್ತದೆ. ಚರ್ಮದ ಕೈಗವಸು ಬಡಿದರೆ ಹಕ್ಕಿಯ ರೆಕ್ಕೆ. ಸೆಲರಿ ದಂಟು ಮುರಿದರೆ ಮೂಳೆ ಮುರಿದಂತೆ. ನಿಜವಾದದ್ದನ್ನೇ ಏಕೆ ಬಳಸುವುದಿಲ್ಲ ಎಂದರೆ, ಮೈಕಿಗೆ ಹಲವು ನಿಜ ಸದ್ದುಗಳು ಒಗ್ಗುವುದಿಲ್ಲ. ನಿಜವಾದ ಗುಂಡಿನ ಸದ್ದು ಮೈಕಿನ ಮಿತಿ ಮೀರಿ ಬರೀ ಒಂದು 'ಟಪ್' ಆಗಿ ಕೇಳಿಸುತ್ತದೆ. ನಿಜವಾದ ಮಳೆ ರೇಡಿಯೊದ ಗೊರಗೊರ ಸದ್ದಿನಂತೆಯೇ ಇರುತ್ತದೆ. ತಗಡಿನ ಮೇಲೋ ಎಲೆಯ ಮೇಲೋ ಹನಿ ಬಿದ್ದರೆ ಮಾತ್ರ ಮಳೆ ಎಂದು ಗುರುತು ಸಿಗುತ್ತದೆ.

ಸ್ಟುಡಿಯೊದ ರಚನೆಯೂ ಸದ್ದಿನ ಉಪಕರಣವೇ. ನಾಟಕದ ಸ್ಟುಡಿಯೊದಲ್ಲಿ ಪ್ರತಿಧ್ವನಿ ಇರುವ ಭಾಗ ಒಂದು, ಪ್ರತಿಧ್ವನಿಯನ್ನು ಪೂರಾ ಹೀರಿಕೊಳ್ಳುವ ಭಾಗ ಇನ್ನೊಂದು. ಬಯಲಿನ ದೃಶ್ಯಗಳನ್ನು ಆಡುವುದು ಹೀರುವ ಕೋಣೆಯಲ್ಲಿ, ಏಕೆಂದರೆ ಬಯಲಲ್ಲಿ ದನಿ ಗೋಡೆಗೆ ಬಡಿದು ಮರಳುವುದಿಲ್ಲ. ಮರ, ಕಲ್ಲು, ಕಬ್ಬಿಣದ ಮೆಟ್ಟಿಲು, ಜಲ್ಲಿಕಲ್ಲಿನ ತಟ್ಟೆ, ನಾಲ್ಕಾರು ಬಗೆಯ ಚಿಲಕಗಳಿರುವ ಬಾಗಿಲು ಅಲ್ಲಿರುತ್ತವೆ. ಪಾತ್ರ 'ಒಳಗೆ ಬರುವುದು' ಎಂದರೆ ನಟರು ಎರಡು ಮೀಟರ್ ದೂರದಿಂದ ಮಾತಾಡುತ್ತಾ ಮೈಕಿನ ಹತ್ತಿರಕ್ಕೆ ಬರುವುದು. ಬರೀ ದನಿಯ ಮಟ್ಟ ಏರಿಸಿದರೆ ಬಂದಂತಾಗುವುದಿಲ್ಲ. ದೂರದ ದನಿಯಲ್ಲಿ ಕೋಣೆಯ ಪ್ರತಿಧ್ವನಿಯ ಪಾಲು ಹೆಚ್ಚು, ಹತ್ತಿರದ ದನಿಯಲ್ಲಿ ಕಡಿಮೆ. ಕಿವಿ ಅಂತರ ಅಳೆಯುವುದು ಈ ಪಾಲಿನಿಂದ. ದೂರವಾಣಿಯ ದನಿಗೆ 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 3,400ಕ್ಕಿಂತ ಮೇಲಿನದನ್ನೂ ಕತ್ತರಿಸಿದರೆ ಸಾಕು, ಹಳೆಯ ದೂರವಾಣಿ ಸಾಗಿಸುತ್ತಿದ್ದದ್ದು ಅಷ್ಟನ್ನೇ.

ಸದ್ದು ನಿಜವಾಗಿರಲೇಬೇಕೆಂಬ ಹಟವನ್ನು ಬಿಟ್ಟ ನಾಟಕವೂ ಇದೆ. 1957ರ ಜನವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿದ ಸ್ಯಾಮ್ಯುಯೆಲ್ ಬೆಕೆಟ್ ಅವರ 'ಆಲ್ ದಟ್ ಫಾಲ್'ನಲ್ಲಿ ದನ, ಕುರಿ, ಕೋಳಿಗಳ ಕೂಗನ್ನು ನಟರ ಬಾಯಿಂದಲೇ ಹೊರಡಿಸಿದರು. ಮುಂದಿನ ವರ್ಷವೇ, 1958ರಲ್ಲಿ, ಇಂಥ ಹೊಸ ಬಗೆಯ ಸದ್ದುಗಳಿಗೆಂದು ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪ್ ತೆರೆಯಿತು.

ಪ್ರಶ್ನೆ: ಅಮೆರಿಕದಲ್ಲಿ ಬಾನುಲಿ ನಾಟಕ ಕೇಳಿ ಜನ ಬೀದಿಗೆ ಓಡಿದರಂತೆ. ನಿಜವೇ?

1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಮತ್ತು ತಂಡ ಸಿಬಿಎಸ್ ಜಾಲದಲ್ಲಿ ಪ್ರಸಾರ ಮಾಡಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಅದು. ಮಂಗಳ ಗ್ರಹದವರ ದಾಳಿಯನ್ನು ತುರ್ತು ಸುದ್ದಿಯ ರೂಪದಲ್ಲಿ ಆಡಿದ್ದರು. ಹೆದರಿದವರು, ಪೊಲೀಸರಿಗೆ ಕರೆ ಮಾಡಿದವರು ಇದ್ದದ್ದು ನಿಜ. ದೇಶವೇ ಕಂಗೆಟ್ಟಿತೆಂಬುದು ಪತ್ರಿಕೆಗಳು ಊದಿದ ಮಾತು. ಇದು ನಾಟಕ ಎಂದು ಆರಂಭದಲ್ಲೇ ಹೇಳಿದ್ದರು. ಆದರೆ ತಡವಾಗಿ ಬಂದು ಸೇರಿದವರು ಅದನ್ನು ಕೇಳಿರಲಿಲ್ಲ, ಮುಂದಿನ ಪ್ರಕಟಣೆ ಬಂದದ್ದು ಸುಮಾರು ನಲವತ್ತು ನಿಮಿಷ ಕಳೆದ ಮೇಲೆ. ನೀವು ಸುದ್ದಿಯ ಧಾಟಿಯಲ್ಲಿ ನಾಟಕ ಬರೆದರೆ ಇದನ್ನು ನೆನಪಿಡಿ: ನಡುವೆ ಕೇಳಲು ಶುರು ಮಾಡಿದವರಿಗೂ ಕಟ್ಟುಕಥೆ ಎಂದು ಬೇಗ ತಿಳಿಯುವಂತಿರಲಿ. ನಿಜವಾದ ಸಮಯ ಸಂಕೇತ, ತುರ್ತು ಸಂಕೇತಗಳನ್ನು ನಾಟಕದಲ್ಲಿ ಬಳಸಲೇಬೇಡಿ. 1924ರಿಂದ ಬರುತ್ತಿರುವ, ಗಂಟೆಯನ್ನು ಸಾರುವ ತನ್ನ ಆರು 'ಪಿಪ್'ಗಳನ್ನು ನಾಟಕಗಳಲ್ಲಿ ಪೂರ್ತಿ ಕೇಳಿಸಲು ಬಿಬಿಸಿ ಬಿಡುವುದಿಲ್ಲ. ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುವವರಿದ್ದಾರೆ.

ಪ್ರಶ್ನೆ: ಒಂದೇ ನಾಟಕವನ್ನು ಒಂದೇ ರಾತ್ರಿ ದೇಶದ ಹಲವು ಭಾಷೆಗಳಲ್ಲಿ ಪ್ರಸಾರ ಮಾಡುತ್ತಿದ್ದರು ಎಂದು ಕೇಳಿದ್ದೇವೆ. ಅನುವಾದದಲ್ಲಿ ಅವಧಿ ಸರಿಹೊಂದುತ್ತಿತ್ತೇ?

ಆಕಾಶವಾಣಿಯ ರಾಷ್ಟ್ರೀಯ ನಾಟಕ ಕಾರ್ಯಕ್ರಮ ಅದು, ಕಳೆದ ಶತಮಾನದ ಐವತ್ತರ ದಶಕದಲ್ಲಿ ಆರಂಭವಾಯಿತು. ಒಂದು ಭಾಷೆಯ ನಾಟಕ ಉಳಿದ ಭಾಷೆಗಳಿಗೆ ಅನುವಾದಗೊಂಡು ಆಯಾ ಕೇಂದ್ರಗಳಿಂದ ಬರುತ್ತಿತ್ತು. ಇಂಥ ಕೆಲಸದಲ್ಲಿ ಪದಕ್ಕೆ ಪದ ಕೂರಿಸಿದರೆ ಅವಧಿ ಏರುಪೇರಾಗುತ್ತದೆ. ಸರಿಯಾದ ದಾರಿ, ಮೂಲದ ಪ್ರತಿ ದೃಶ್ಯದ ಅವಧಿಯನ್ನು ಬರೆದಿಟ್ಟುಕೊಂಡು, ಅನುವಾದವನ್ನು ದೃಶ್ಯದ ಲೆಕ್ಕದಲ್ಲಿ ಗಟ್ಟಿಯಾಗಿ ಓದಿ ಅಳೆಯುವುದು. ಹೆಚ್ಚಾದ ದೃಶ್ಯದಲ್ಲಿ ಸಾಲುಗಳನ್ನು ಸವರುವುದಕ್ಕಿಂತ ಇಡೀ ಒಂದು ಮಾತು, ಅದಕ್ಕೆ ಬಂದ ಉತ್ತರ, ಎರಡನ್ನೂ ಜೋಡಿಯಾಗಿ ತೆಗೆದರೆ ಗಾಯ ಕಾಣುವುದಿಲ್ಲ.

ಪ್ರಶ್ನೆ: ಮೀಡಿಯಂ ವೇವ್‌ನಲ್ಲಿ ನಾಟಕ ಕೇಳುವಾಗ ಮಾತು ಮಂಕಾಗಿ, ಗುಂಯ್ ಎಂಬ ಸದ್ದಿನೊಡನೆ ಬರುತ್ತದೆ. ರಾತ್ರಿ ದನಿ ಏರಿಳಿಯುತ್ತದೆ. ರೇಡಿಯೊ ಕೆಟ್ಟಿದೆಯೇ?

ಬಹುಶಃ ಇಲ್ಲ. ಅಮೆರಿಕ ಖಂಡಗಳನ್ನು ಬಿಟ್ಟು ಉಳಿದೆಡೆ ಮೀಡಿಯಂ ವೇವ್‌ನಲ್ಲಿ ಕೇಂದ್ರ ಕೇಂದ್ರಗಳ ಕಂಪನಾಂಕಗಳ ನಡುವಿನ ಅಂತರ 9 ಕಿಲೊಹರ್ಟ್ಸ್. ಪಕ್ಕದ ಕೇಂದ್ರ ನುಸುಳದಂತೆ ರೇಡಿಯೊ ಸೆಟ್ಟುಗಳು ನಾಲ್ಕು ನಾಲ್ಕೂವರೆ ಕಿಲೊಹರ್ಟ್ಸ್‌ಗಿಂತ ಮೇಲಿನ ದನಿಯನ್ನು ತೆಗೆದುಹಾಕುತ್ತವೆ. ಸ, ಶ, ಷ ಅಕ್ಷರಗಳ ಚೂಪು ಇರುವುದೇ ಅದರ ಮೇಲೆ. ಹಾಗಾಗಿ ಅವು ಒಂದರಂತೊಂದು ಕೇಳುತ್ತವೆ. ಎಫ್‌ಎಂನಲ್ಲಿ 15 ಕಿಲೊಹರ್ಟ್ಸ್‌ವರೆಗೆ ಬರುತ್ತದೆ, ಅದಕ್ಕೇ ಅಲ್ಲಿ ಸ್ಪಷ್ಟ. ನಿಮ್ಮ ಸೆಟ್ಟಿನಲ್ಲಿ ಟೋನ್ ತಿರುಗಣೆ ಇದ್ದರೆ ಕೆಳದನಿ ಇಳಿಸಿ.

ಗುಂಯ್ ಸದ್ದಿಗೆ ಕಾರಣ ಮನೆಯೊಳಗೇ ಇರಬಹುದು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಯಾವುದನ್ನು ಆರಿಸಿದಾಗ ಸದ್ದು ನಿಂತಿತೋ ಅದೇ. ಆಮೇಲೆ ಸೆಟ್ಟನ್ನು ನಿಂತಲ್ಲೇ ನಿಧಾನಕ್ಕೆ ಕಾಲು ಸುತ್ತು ತಿರುಗಿಸಿ. ಮೀಡಿಯಂ ವೇವ್‌ಗೆ ಕೆಲಸ ಮಾಡುವುದು ಹೊರಗೆ ಎಳೆಯುವ ಕಡ್ಡಿಯಲ್ಲ, ಒಳಗೆ ಅಡ್ಡಲಾಗಿ ಕೂತಿರುವ ಫೆರೈಟ್ ಸರಳು. ಸರಳಿನ ತುದಿ ಕೇಂದ್ರದ ಕಡೆ ನೆಟ್ಟಗೆ ತೋರಿದರೆ ಸಂಕೇತ ಅತಿ ಕಡಿಮೆ. ಸರಳಿನ ಅಡ್ಡ ಮಗ್ಗುಲು ಕೇಂದ್ರಕ್ಕೆ ಎದುರಾದರೆ ಅತಿ ಹೆಚ್ಚು. ರಾತ್ರಿಯ ಏರಿಳಿತಕ್ಕೆ ಮನೆಮದ್ದಿಲ್ಲ. ಹಗಲಲ್ಲಿ ಈ ಅಲೆಗಳನ್ನು ಹೀರುವ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ವಲಯದ) ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ಮೇಲಿನ ಪದರದಿಂದ ಮರಳಿದ ಅಲೆಯೂ ನೆಲದ ಮೇಲೆ ಹರಿದು ಬಂದ ಅಲೆಯೂ ಒಮ್ಮೆ ಕೂಡಿ ಒಮ್ಮೆ ಕಳೆದುಕೊಳ್ಳುತ್ತವೆ.

ಪ್ರಶ್ನೆ: ಮಕ್ಕಳಿಂದ ಹದಿನೈದು ನಿಮಿಷದ ನಾಟಕವನ್ನು ಮೊಬೈಲಿನಲ್ಲೇ ಧ್ವನಿಮುದ್ರಿಸಬೇಕು. ತರಗತಿಯಲ್ಲಿ ಮಾಡಿ ನೋಡಿದೆವು, ಬಾವಿಯೊಳಗಿಂದ ಮಾತಾಡಿದಂತಿದೆ. ಏನು ಮಾಡುವುದು, ಸಾರ್?

ಆ ಮುದ್ರಣವನ್ನು ಸರಿಪಡಿಸಲು ಹೋಗಬೇಡಿ, ಮೇಷ್ಟ್ರೇ. ದನಿಯೊಳಗೆ ಸೇರಿಕೊಂಡ ಪ್ರತಿಧ್ವನಿಯನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಬಿಡಿಸಿದರೂ ದನಿ ಲೋಹದಂತಾಗುತ್ತದೆ. ಜಾಗ ಬದಲಿಸಿ. ಬರಿಗೋಡೆಯ ದೊಡ್ಡ ಕೋಣೆಗಿಂತ ಪುಸ್ತಕ, ಬಟ್ಟೆ, ಚಾಪೆ ತುಂಬಿದ ಸಣ್ಣ ಕೋಣೆ ಮೇಲು. ಮಾತಾಡುವ ಮಕ್ಕಳ ಬೆನ್ನ ಹಿಂದೆ ಒಂದು, ಮೊಬೈಲಿನ ಹಿಂದೆ ಒಂದು ದಪ್ಪ ಕಂಬಳಿ ತೂಗುಹಾಕಿ. ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿ, ಅದರ ಮೇಲೆ ಮೊಬೈಲ್ ಇಡಿ. ಪ್ರತಿಧ್ವನಿ ಅರ್ಧಕ್ಕರ್ಧ ಹೋಗುತ್ತದೆ. ಸರಿಯಾಯಿತೇ ಎಂದು ನೋಡಲು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ 'ಟಿರ್ರ್' ಎಂದರೆ ಇನ್ನೂ ಕಂಬಳಿ ಬೇಕು.

ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನ್ ಆರಿಸಿ. ಮನೆಯಲ್ಲಿ ಮಾಡುತ್ತಿದ್ದರೆ ಫ್ರಿಜ್ಜನ್ನೂ ಆರಿಸಿ, ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ. ಮತ್ತೆ ಹಾಕುವುದನ್ನು ಮರೆತು ಹೊರಡಲು ಆಗುವುದಿಲ್ಲ. ಧ್ವನಿಮುದ್ರಣದ ಆ್ಯಪ್‌ನಲ್ಲಿ ವೇವ್ ಮಾದರಿ, 48 ಕಿಲೊಹರ್ಟ್ಸ್ ಆರಿಸಿಕೊಳ್ಳಿ. ದನಿಯ ಮಟ್ಟ ತೋರಿಸುವ ಪಟ್ಟಿಯಲ್ಲಿ ಅತಿ ಜೋರಾದ ಕೂಗೂ ಸೊನ್ನೆಗಿಂತ 6 ಡೆಸಿಬೆಲ್ ಕೆಳಗೇ ಇರಲಿ. ಸೊನ್ನೆ ದಾಟಿದ ದನಿ ಒಡೆಯುತ್ತದೆ, ಅದನ್ನು ಕೂಡಿಸಲು ಬರುವುದಿಲ್ಲ. ಮಕ್ಕಳು ಅಭ್ಯಾಸದಲ್ಲಿ ಮೆಲ್ಲಗೆ ಹೇಳಿ ಮುದ್ರಣದಲ್ಲಿ ಕಿರುಚುವುದು ಸಾಮಾನ್ಯ, ಆದ್ದರಿಂದ ಮಟ್ಟ ನೋಡಿಕೊಳ್ಳುವಾಗ ನಾಟಕದ ಅತಿ ಜೋರಾದ ಸಾಲನ್ನೇ ಹೇಳಿಸಿ. ಬಾಯಿಯಿಂದ ಮೊಬೈಲಿಗೆ 20 ಸೆಂಟಿಮೀಟರ್. ಕೂಗುವವರು ಒಂದು ಹೆಜ್ಜೆ ಹಿಂದೆ. ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತು ಹಾಕಿ, ಮರುದಿನವೂ ಅದೇ ಜಾಗದಲ್ಲಿ ನಿಲ್ಲಿಸಿ. ಅಂತರ ಬದಲಾದರೆ ಒಂದೇ ದೃಶ್ಯದಲ್ಲಿ ಕೋಣೆಯೇ ಬದಲಾದಂತೆ ಕೇಳುತ್ತದೆ. ಎರಡು ಮೈಕ್ ಬಳಸುವುದಾದರೆ, ಬಾಯಿಗೂ ಮೈಕಿಗೂ ಇರುವ ಅಂತರದ ಕನಿಷ್ಠ ಮೂರು ಪಟ್ಟು ಎರಡು ಮೈಕುಗಳ ನಡುವೆ ಇರಲಿ. ಇಲ್ಲವಾದರೆ ಒಂದೇ ದನಿ ಎರಡರಲ್ಲೂ ತುಸು ಹಿಂದುಮುಂದಾಗಿ ಸೇರಿ ಪೊಳ್ಳಾಗುತ್ತದೆ.

ತಪ್ಪಿದಾಗ ತಪ್ಪಿದ ಪದದಿಂದ ಬೇಡ, ವಾಕ್ಯದ ಮೊದಲಿನಿಂದ ಮತ್ತೆ ಹೇಳಿಸಿ. ಪದದಿಂದ ಶುರುಮಾಡಿದರೆ ರಾಗ ಕೂಡುವುದಿಲ್ಲ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಿ. ಇದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಪೇಚಾಡುತ್ತಾರೆ. ಕತ್ತರಿಸಿದ ಎರಡು ಮಾತುಗಳ ನಡುವೆ ಪೂರ್ತಿ ಖಾಲಿ ಬಿಟ್ಟರೆ ಯಂತ್ರ ನಿಂತಂತೆ ಅನಿಸುತ್ತದೆ. ಅಲ್ಲಿ ತುಂಬಬೇಕಾದದ್ದು ಈ ಕೋಣೆಯ ಸದ್ದು.

ಜೋಡಿಸುವಾಗ ಹಿನ್ನೆಲೆಯ ಸದ್ದು ಮಾತಿಗಿಂತ 15 ಡೆಸಿಬೆಲ್‌ನಷ್ಟು ಕೆಳಗಿರಲಿ. ಇಯರ್‌ಫೋನಿನಲ್ಲಿ ಕೇಳಿ ತೃಪ್ತಿಪಡಬೇಡಿ. ಮೊಬೈಲಿನ ಸ್ಪೀಕರಿನಲ್ಲಿ, ದೂರ ನಿಂತು, ನಾಟಕ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ. ನಿಮಗೆ ಸಂಭಾಷಣೆ ಬಾಯಿಪಾಠವಾಗಿರುವುದರಿಂದ ಕೇಳಿಸದ ಮಾತೂ ಕೇಳಿಸಿದಂತೆ ಇರುತ್ತದೆ. ಪ್ರಸಾರಕ್ಕೆ ಕಳುಹಿಸುವುದಾದರೆ ಒಟ್ಟು ದನಿಯ ಮಟ್ಟ ಎಷ್ಟಿರಬೇಕೆಂದು ಕೇಂದ್ರದವರನ್ನು ಕೇಳಿ. ಯುರೋಪಿನ ಪ್ರಸಾರ ನಿಯಮದಲ್ಲಿ ಅದು ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ). ಅಂತರ್ಜಾಲಕ್ಕೆ ಮೈನಸ್ 16ರ ಸುತ್ತ ಇಡುವುದು ರೂಢಿ.

ಪ್ರಶ್ನೆ: ನಾಟಕದಲ್ಲಿ ಅರ್ಧ ನಿಮಿಷ ಮೌನ ಇಡಬಹುದೇ?

ಇಡಬಹುದು, ಆದರೆ ತಿಳಿಸಿ ಇಡಬೇಕು. ಪ್ರಸಾರ ಕೇಂದ್ರಗಳಲ್ಲಿ ಮೌನವನ್ನು ಪತ್ತೆ ಹಚ್ಚುವ ಯಂತ್ರವಿರುತ್ತದೆ. ಹತ್ತೋ ಇಪ್ಪತ್ತೋ ಸೆಕೆಂಡು ದನಿ ಇಲ್ಲದಿದ್ದರೆ ಅದು ಎಚ್ಚರಿಕೆ ಕೊಡುತ್ತದೆ, ಕೆಲವೆಡೆ ತಾನಾಗಿಯೇ ಬದಲಿ ಧ್ವನಿಮುದ್ರಿಕೆಗೆ ಹೊರಳುತ್ತದೆ. ನಿಮ್ಮ ನಾಟಕದ ಅತಿ ಗಂಭೀರ ಗಳಿಗೆಯಲ್ಲಿ ವಾದ್ಯಸಂಗೀತ ಶುರುವಾದರೆ ಹೇಗಿರುತ್ತದೆ ಯೋಚಿಸಿ. ಪೂರ್ತಿ ಮೌನದ ಬದಲು ಗಡಿಯಾರ, ದೂರದ ಗಾಳಿ, ಉಸಿರು ಇಡಿ. ಎಂಟು ಸೆಕೆಂಡು ಅಷ್ಟಿದ್ದರೂ ಕೇಳುಗರಿಗೆ ದೀರ್ಘವೆನಿಸುತ್ತದೆ.

ಪ್ರಶ್ನೆ: ಹಸ್ತಪ್ರತಿ ಯಾವ ರೂಪದಲ್ಲಿರಬೇಕು?

ಎ4 ಹಾಳೆ, ಒಂದು ಮಗ್ಗುಲು, ಸಾಲಿನ ನಡುವೆ ದುಪ್ಪಟ್ಟು ಅಂತರ. ಎಡಕ್ಕೆ ಪಾತ್ರದ ಹೆಸರು, ಬಲಕ್ಕೆ ಮಾತು. ಸದ್ದಿನ ಸೂಚನೆಗೆ ಬೇರೆ ಸಾಲು, ಅಡಿಗೆರೆ. ಪ್ರತಿ ಪುಟದಲ್ಲೂ ಮಾತುಗಳಿಗೆ ಒಂದರಿಂದ ಕ್ರಮಸಂಖ್ಯೆ ಕೊಡಿ. ನಿರ್ದೇಶಕರು ಗಾಜಿನ ಆಚೆಯಿಂದ "ಏಳನೇ ಪುಟ, ನಾಲ್ಕನೆಯದು, ಇನ್ನೊಮ್ಮೆ" ಎಂದರೆ ಆರು ಜನ ನಟರ ಬೆರಳೂ ಒಂದೇ ಸಾಲಿಗೆ ಹೋಗಬೇಕು.